ಶಾಲೆಯ ಹೊಸ್ತಿಲಲ್ಲಿ ಲೋಕಾಯುಕ್ತ

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯಲ್ಲಿ ಇಬ್ಬರು ನೆರೆಹೊರೆಯವರಿದ್ದಾರೆಂದು ಭಾವಿಸೋಣ. ಒಬ್ಬರ ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಾಳೆ, ಇನ್ನೊಬ್ಬರ ಮಗ ಖಾಸಗಿ ಶಾಲೆಯಲ್ಲಿ. ವರ್ಗಾವಣೆ ಪತ್ರ ಕೊಡಲು ಎರಡೂ ಕಡೆ ಮುಖ್ಯೋಪಾಧ್ಯಾಯರು ಹಣ ಕೇಳುತ್ತಾರೆ. ಇಬ್ಬರೂ ಲೋಕಾಯುಕ್ತರಿಗೆ ದೂರು ಬರೆದರೆ ಮೊದಲನೆಯದು ವಿಚಾರಣೆಗೆ ಅರ್ಹ. ಎರಡನೆಯದು ಸಾಮಾನ್ಯವಾಗಿ ಅವರ ವ್ಯಾಪ್ತಿಗೇ ಬರುವುದಿಲ್ಲ. ಅನ್ಯಾಯ ಒಂದೇ ಆಗಿರುವಾಗ ಈ ಭೇದವೇಕೆ?

ಉತ್ತರ ಈ ಹುದ್ದೆಯ ಹುಟ್ಟಿನಲ್ಲೇ ಇದೆ. 1809ರಲ್ಲಿ ಸ್ವೀಡನ್ ‘ಒಂಬುಡ್ಸ್‌ಮನ್’ ಹುದ್ದೆಯನ್ನು ಸೃಷ್ಟಿಸಿದ್ದು ಸರ್ಕಾರಿ ಅಧಿಕಾರಿಗಳ ಮೇಲೆ ಸಂಸತ್ತು ಕಣ್ಣಿಡಲೆಂದು. ಭಾರತದಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಲೋಕಪಾಲ, ಲೋಕಾಯುಕ್ತರಿಗಾಗಿ ಶಿಫಾರಸು ಮಾಡಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ ರೂಪುಗೊಂಡ ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984, ಜಾರಿಗೆ ಬಂದದ್ದು 1986ರಲ್ಲಿ. ಅದು ವಿಚಾರಿಸುವುದು ‘ಸಾರ್ವಜನಿಕ ನೌಕರ’ನನ್ನು. ಸರ್ಕಾರಿ ಶಿಕ್ಷಕ ಆ ಅರ್ಥದೊಳಗೆ ಬರುತ್ತಾನೆ. ನೋಂದಾಯಿತ ಸಂಘವೊಂದು ನಡೆಸುವ ಶಾಲೆಯ ಸಿಬ್ಬಂದಿ ಬರಬೇಕಾದರೆ ಆ ಸಂಘ ಸರ್ಕಾರದ ಹತೋಟಿಯಲ್ಲಿದ್ದು, ರಾಜ್ಯಪತ್ರದಲ್ಲಿ ಅಧಿಸೂಚಿತವಾಗಿರಬೇಕು.

ಬೇರೆ ಗಡಿಗಳೂ ಇವೆ. ಕುಂದುಕೊರತೆಯ ದೂರನ್ನು ವಿಷಯ ತಿಳಿದ ಆರು ತಿಂಗಳೊಳಗೆ, ಭ್ರಷ್ಟಾಚಾರದಂಥ ಆರೋಪವನ್ನು ಘಟನೆ ನಡೆದ ಐದು ವರ್ಷಗಳೊಳಗೆ ಸಲ್ಲಿಸಬೇಕು. ಶಿಕ್ಷಕರ ನೇಮಕ, ವೇತನದಂಥ ಸೇವಾ ವಿಷಯಗಳು ಕುಂದುಕೊರತೆಯ ವಿಚಾರಣೆಗೆ ಹೊರಗು. ವಿಚಾರಣೆ ಮುಗಿದ ಮೇಲೂ ಕೈಗೆ ಬರುವುದು ತೀರ್ಪಲ್ಲ, ಶಿಫಾರಸು. ಸರ್ಕಾರದ ಕ್ರಮ ತೃಪ್ತಿ ತರದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು.

ಇಂಥ ಗಡಿ ನಮ್ಮಲ್ಲಷ್ಟೇ ಇಲ್ಲ. ಇಂಗ್ಲೆಂಡಿನ 1974ರ ಕಾಯ್ದೆ ಶಾಲೆಯೊಳಗಿನ ಬೋಧನೆ, ಶಿಸ್ತು, ಆಂತರಿಕ ಆಡಳಿತಗಳನ್ನು ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್‌ನ ವ್ಯಾಪ್ತಿಯಿಂದ ಹೊರಗಿಟ್ಟಿತು.

ಹಾಗಾದರೆ ಎರಡನೆಯ ನೆರೆಯವರಿಗೆ ದಾರಿಯೇ ಇಲ್ಲವೇ? ಇದೆ. ಖಾಸಗಿ ಶಾಲೆಯ ಮೇಲಿನ ದೂರನ್ನು ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಬಹುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವೂ ಇದೆ. ಮಗುವಿನ ಹಕ್ಕಿಗೇ ಧಕ್ಕೆಯಾದಾಗ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವನ್ನು ಕಾಣಬಹುದು.

ಇಲ್ಲೊಂದು ಸೂಕ್ಷ್ಮವುಂಟು. ಕ್ಷೇತ್ರ ಶಿಕ್ಷಣಾಧಿಕಾರಿ ಸಾರ್ವಜನಿಕ ನೌಕರರು. ಅರ್ಜಿ ಪಡೆದೂ ಅವರು ಕಾರಣವಿಲ್ಲದೆ ಸುಮ್ಮನೆ ಕುಳಿತರೆ ಆ ನಿರ್ಲಕ್ಷ್ಯದ ಮೇಲೆ ಲೋಕಾಯುಕ್ತಕ್ಕೆ ಹೋಗಬಹುದು. ಶಾಲೆಯ ಬಾಗಿಲು ತಟ್ಟಲಾರದ ಕೈ ಅಧಿಕಾರಿಯ ಮೇಜನ್ನು ತಟ್ಟಬಲ್ಲದು. ಆದ್ದರಿಂದ ಅರ್ಜಿ ಕೊಟ್ಟಾಗ ದಿನಾಂಕ ಸಹಿತ ಸ್ವೀಕೃತಿ ಪಡೆದಿಡುವುದು ಒಳ್ಳೆಯದು. ಆರು ತಿಂಗಳ ಲೆಕ್ಕದಲ್ಲಿ ಆ ಒಂದು ಚೀಟಿಗೆ ಬೆಲೆ ಬರುತ್ತದೆ.