ಟೋಯಿಕ್: ಇಂಗ್ಲಿಷ್ ಆಲಿಸುವಿಕೆ ಮತ್ತು ಓದಿನ ಪರೀಕ್ಷೆ

ಇಂಗ್ಲಿಷ್ ಮಾತೃಭಾಷೆಯಲ್ಲದವರು ಆ ಭಾಷೆಯನ್ನು ಕೇಳಿ, ಓದಿ ಎಷ್ಟು ಗ್ರಹಿಸಬಲ್ಲರು ಎಂಬುದನ್ನು ಅಳೆಯುವ ಪರೀಕ್ಷೆ. ಜಪಾನಿನ ಕೋರಿಕೆಯಂತೆ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆ ಇದನ್ನು ರೂಪಿಸಿತು. 1979ರಲ್ಲಿ ಮೊದಲ ಪರೀಕ್ಷೆ ನಡೆದದ್ದೂ ಜಪಾನಿನಲ್ಲೇ. ಕಚೇರಿ ನೌಕರರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಈ ಪರೀಕ್ಷೆ ಜಪಾನ್, ದಕ್ಷಿಣ ಕೊರಿಯಾ, ತೈವಾನ್‌ಗಳ ಕಾಲೇಜುಗಳನ್ನೂ ಹೊಕ್ಕಿದೆ. ವಿದ್ಯಾರ್ಥಿಗಳನ್ನು ಮಟ್ಟಕ್ಕೆ ತಕ್ಕ ಇಂಗ್ಲಿಷ್ ತರಗತಿಗೆ ಸೇರಿಸಲು, ಕ್ರೆಡಿಟ್ ಕೊಡಲು ಅದರ ಅಂಕ ಬಳಕೆಯಲ್ಲಿದೆ; ಪದವಿಗೆ ಇಂತಿಷ್ಟು ಅಂಕ ಬೇಕೇಬೇಕೆಂಬ ನಿಯಮವೂ ಕೆಲವೆಡೆ ಉಂಟು.

ಪ್ರಶ್ನೆಗಳು 200, ಎಲ್ಲವೂ ಬಹು ಆಯ್ಕೆಯವು. ಆಲಿಸುವಿಕೆಯ 100 ಪ್ರಶ್ನೆಗಳಿಗೆ ಸುಮಾರು 45 ನಿಮಿಷ, ಓದಿನ 100ಕ್ಕೆ 75 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಆಲಿಸುವಿಕೆಯಲ್ಲಿ ನಿಜವಾಗಿ ಕಿವಿಯನ್ನು ಪರೀಕ್ಷಿಸುವುದು ಎರಡನೆಯ ಭಾಗ. ಇಲ್ಲಿ ಪ್ರಶ್ನೆಯಾಗಲಿ ಅದರ ಮೂರು ಉತ್ತರಗಳಾಗಲಿ ಪತ್ರಿಕೆಯಲ್ಲಿ ಅಚ್ಚಾಗಿರುವುದಿಲ್ಲ. ಧ್ವನಿಮುದ್ರಣ ಒಮ್ಮೆ ಮಾತ್ರ ಕೇಳಿಸುತ್ತದೆ. ‘ಕಾಪಿಯರ್’ ಎಲ್ಲಿದೆ ಎಂದು ಕೇಳಿದಾಗ ‘ಕಾಫಿ’ ಎಂಬ ಪದವಿರುವ ಉತ್ತರವೊಂದು ಬರಬಹುದು. ಸದ್ದಿನ ಹೋಲಿಕೆಯನ್ನಷ್ಟೇ ಹಿಡಿದವರು ಅದನ್ನು ಗುರುತಿಸಿ ಎಡವುತ್ತಾರೆ. ಅರ್ಥವಾದವರು ಕಿಟಕಿಯ ಪಕ್ಕದಲ್ಲಿದೆ ಎಂಬ ಉತ್ತರಕ್ಕೆ ಹೋಗುತ್ತಾರೆ. 2006ರ ಪರಿಷ್ಕರಣೆಯ ನಂತರ ಅಮೆರಿಕನ್ ಅಲ್ಲದೆ ಬ್ರಿಟಿಷ್, ಕೆನಡಾ, ಆಸ್ಟ್ರೇಲಿಯಾದ ಉಚ್ಚಾರಣೆಗಳೂ ಸೇರಿವೆ.

ಓದಿನ ಭಾಗದಲ್ಲಿ ವ್ಯಾಕರಣ, ಪದಜ್ಞಾನದ ಪ್ರಶ್ನೆಗಳ ಬಳಿಕ ಇಮೇಲ್, ಜಾಹೀರಾತು, ಸೂಚನಾಪತ್ರಗಳು ಬರುತ್ತವೆ. ಹತ್ತಕ್ಕಿಂತ ಹೆಚ್ಚು ಕುರ್ಚಿ ಕೊಂಡರೆ ರಿಯಾಯಿತಿ ಎಂದು ಜಾಹೀರಾತು ಹೇಳುತ್ತದೆ, ಗ್ರಾಹಕನ ಇಮೇಲ್ ಹನ್ನೆರಡು ಕುರ್ಚಿ ಕೇಳುತ್ತದೆ ಎನ್ನಿ. ಆತನಿಗೆ ರಿಯಾಯಿತಿ ಸಿಗುವುದೇ ಎಂಬ ಪ್ರಶ್ನೆಗೆ ಎರಡನ್ನೂ ಕೂಡಿಸಿ ಓದಿದವರಿಗಷ್ಟೇ ಉತ್ತರ ಸಿಗುತ್ತದೆ. ಗ್ರಹಿಕೆಯನ್ನು ಪರೀಕ್ಷಿಸಲು ಇದು ಒಳ್ಳೆಯ ದಾರಿ.

ಪ್ರತಿ ವಿಭಾಗಕ್ಕೆ 5ರಿಂದ 495, ಒಟ್ಟು 10ರಿಂದ 990 ಅಂಕ. ಉತ್ತೀರ್ಣ, ಅನುತ್ತೀರ್ಣ ಎಂಬುದಿಲ್ಲ. ಯೂರೋಪಿನ ಭಾಷಾಮಟ್ಟಗಳ ಚೌಕಟ್ಟಿನ ‘ಬಿ2’ಕ್ಕೆ ಆಲಿಸುವಿಕೆಯಲ್ಲಿ 400, ಓದಿನಲ್ಲಿ 385 ಬೇಕು. ಅಧ್ಯಾಪಕರಿಗೆ ಒಟ್ಟು ಮೊತ್ತಕ್ಕಿಂತ ಈ ಎರಡು ಅಂಕಗಳೇ ಮುಖ್ಯ. ಆಲಿಸುವಿಕೆಯಲ್ಲಿ 400, ಓದಿನಲ್ಲಿ 200 ಪಡೆದವಳಿಗೂ ಎರಡರಲ್ಲೂ 300 ಪಡೆದವನಿಗೂ ಮೊತ್ತ 600. ಆದರೆ ಇಬ್ಬರಿಗೂ ಒಂದೇ ಪಾಠ ಹೊಂದುವುದಿಲ್ಲ.

ಮಾತು, ಬರವಣಿಗೆ ಈ ಪತ್ರಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ 2006ರಲ್ಲಿ ಬೇರೆಯೇ ಪರೀಕ್ಷೆ ಆರಂಭವಾಯಿತು. ಹಾಗಾಗಿ ಹೆಚ್ಚು ಅಂಕ ಬಂದವರೆಲ್ಲ ಸರಾಗವಾಗಿ ಮಾತಾಡುತ್ತಾರೆಂದು ತಿಳಿಯಬಾರದು. ಅಂಕಕ್ಕೂ ಅದರದೇ ಮಿತಿಯಿದೆ: ಪ್ರತಿ ವಿಭಾಗದಲ್ಲಿ ಅಳತೆಯ ದೋಷ ಸುಮಾರು 25 ಅಂಕ ಎಂದು ಪರೀಕ್ಷಾ ಸಂಸ್ಥೆಯೇ ಹೇಳುತ್ತದೆ. ಐದೇ ಅಂಕ ಕಡಿಮೆಯಾಯಿತೆಂದು ವಿದ್ಯಾರ್ಥಿಯ ಪದವಿ ತಡೆಹಿಡಿಯುವ ನಿಯಮಕ್ಕೆ ಈ ಪರೀಕ್ಷೆಯಲ್ಲಿ ಆಧಾರವಿಲ್ಲ.