ಐದಕ್ಕೆ ಮೂರು

ಕಳೆದ ತಿಂಗಳು ಹಳೆಯ ಪುಸ್ತಕಗಳನ್ನು ಮಾರುವವರೊಬ್ಬರಿಂದ ಅಂತರಜಾಲದ ಮೂಲಕ ಒಂದು ನಿಘಂಟನ್ನು ತರಿಸಿಕೊಂಡೆ. ಹೇಳಿದ ದಿನಕ್ಕೆ ಬಂತು. ಒಳಪುಟಗಳು ಚೆನ್ನಾಗಿದ್ದವು, ರಟ್ಟಿನ ಒಂದು ಮೂಲೆ ಮಾತ್ರ ಮುದುಡಿತ್ತು. ಎರಡು ದಿನ ಕಳೆದ ಮೇಲೆ, ಕೊಂಡ ವಸ್ತು ಹೇಗಿದೆ, ಐದಕ್ಕೆ ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳುವ ಸಂದೇಶ ಬಂತು. ಮೂರು ದಶಕ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಯೋಚಿಸಿ ಮೂರು ಕೊಟ್ಟೆ. ಐದಕ್ಕೆ ಮೂರೆಂದರೆ ನೂರಕ್ಕೆ 60. ನಮ್ಮ ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ಪ್ರಥಮ ದರ್ಜೆ. ಇತಿಹಾಸದ ಪತ್ರಿಕೆಯಲ್ಲಿ ನನ್ನ ಕೈಯಿಂದ 60 ಪಡೆದವರು ಎಷ್ಟು ಮಂದಿ ಎಂಬುದು ಇದನ್ನು ಓದುತ್ತಿರುವ ನಿಮಗೇ ಚೆನ್ನಾಗಿ ಗೊತ್ತು!

ಮರುದಿನವೇ ಆ ಮಾರಾಟಗಾರರಿಂದ ನಾಲ್ಕು ಸಾಲು ಬಂದವು. "ಸರ್, ನನ್ನಿಂದ ಏನು ತಪ್ಪಾಯಿತು ದಯವಿಟ್ಟು ತಿಳಿಸಿ, ತಿದ್ದಿಕೊಳ್ಳುತ್ತೇನೆ" ಎಂಬುದು ಅದರ ಸಾರ. ನನಗೆ ಆಶ್ಚರ್ಯವಾಯಿತು. ಮೊಮ್ಮಗಳನ್ನು ಕರೆದು ತೋರಿಸಿದೆ. "ಅಜ್ಜ, ಇಲ್ಲಿ ಮೂರು ಅಂದರೆ ಫೇಲು. ಅವರು ಈಗಷ್ಟೇ ಅಂಗಡಿ ತೆರೆದಿದ್ದಾರೆ. ನಿಮಗಿಂತ ಮುಂಚೆ ನಾಲ್ಕೇ ಜನ ನಕ್ಷತ್ರ ಕೊಟ್ಟಿರೋದು, ನಾಲ್ವರೂ ಐದೈದು ಕೊಟ್ಟಿದ್ದಾರೆ" ಎಂದಳು. ಲೆಕ್ಕ ಹಾಕಿದೆ. ಐದಿದ್ದ ಸರಾಸರಿ ನನ್ನೊಬ್ಬನಿಂದ 4.6ಕ್ಕೆ ಇಳಿದಿತ್ತು. ಪ್ರಥಮ ದರ್ಜೆ ಕೊಟ್ಟೆನೆಂದುಕೊಂಡು ನಾನು ಮಾಡಿದ್ದೇನು ಎಂಬ ಪ್ರಶ್ನೆ ಅಂದಿನಿಂದ ಕಾಡತೊಡಗಿತು. ಸ್ವಭಾವಕ್ಕೆ ಅನುಗುಣವಾಗಿ ಅದರ ಇತಿಹಾಸವನ್ನು ಹುಡುಕಿಕೊಂಡು ಹೊರಟೆ.

ಈ ಪದ್ಧತಿಯ ಮೂಲ ಅಷ್ಟೇನೂ ಹಳೆಯದಲ್ಲ. 1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ 28 ವರ್ಷದ ತಂತ್ರಜ್ಞ 'ಆಕ್ಷನ್‌ವೆಬ್' ಎಂಬ ಹರಾಜು ತಾಣವನ್ನು ತೆರೆದ. ಮುಂದೆ ಜಗತ್ಪ್ರಸಿದ್ಧವಾದ 'ಇಬೇ' ಅದೇ. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರು, ಬೆಲೆ 14.83 ಡಾಲರ್. ಕೆಟ್ಟದ್ದೆಂದು ತಿಳಿದೇ ಕೊಂಡುಕೊಂಡವನೊಬ್ಬನಿದ್ದ! ಆದರೆ ಎಲ್ಲ ವ್ಯವಹಾರವೂ ಅಷ್ಟು ಸುಸೂತ್ರವಾಗಿರಲಿಲ್ಲ. ಒಬ್ಬ ಒಂದು ರಾಜ್ಯದಲ್ಲಿ, ಇನ್ನೊಬ್ಬ ಮತ್ತೊಂದರಲ್ಲಿ. ಒಬ್ಬರ ಮುಖವನ್ನೊಬ್ಬರು ನೋಡಿಲ್ಲ. ಚೆಕ್ಕನ್ನು ಅಂಚೆಗೆ ಹಾಕಿ, ಸಾಮಾನು ಬರುತ್ತದೆಂದು ನಂಬಿ ಕಾಯಬೇಕು. ಬಾರದಿದ್ದರೆ ದೂರು ಹೋಗುತ್ತಿದ್ದುದು ನೇರವಾಗಿ ಒಮಿಡ್ಯಾರನ ಮಿಂಚಂಚೆಗೆ.

ಹಗಲು ಬೇರೆ ನೌಕರಿ ಮಾಡುತ್ತಿದ್ದ ಆತನಿಗೆ ಪಂಚಾಯಿತಿ ಮಾಡುವ ವ್ಯವಧಾನವಿರಲಿಲ್ಲ. 1996ರ ಫೆಬ್ರವರಿ 26ರಂದು ತಾಣದಲ್ಲೇ ಒಂದು ಬಹಿರಂಗ ಪತ್ರ ಬರೆದು, ಇನ್ನು ಮುಂದೆ ಒಬ್ಬರ ಬಗ್ಗೆ ಇನ್ನೊಬ್ಬರು ಎಲ್ಲರೆದುರಿಗೆ ಅಭಿಪ್ರಾಯ ದಾಖಲಿಸಬಹುದೆಂದು ಸಾರಿದ. ಜನ ಬಹುಪಾಲು ಪ್ರಾಮಾಣಿಕರು, ಮೋಸಗಾರರು ಕೆಲವರು ಮಾತ್ರ ಎಂಬುದು ಆ ಪತ್ರದ ನಿಲುವು. ದೂರನ್ನಷ್ಟೇ ಅಲ್ಲ, ಮೆಚ್ಚುಗೆಯನ್ನೂ ಬರೆಯಿರಿ ಎಂದು ವಿನಂತಿಸಿಕೊಂಡಿದ್ದ. ಒಳ್ಳೆಯದೆಂದರೆ ಒಂದು ಅಂಕ ಕೂಡುವುದು, ಕೆಟ್ಟದೆಂದರೆ ಒಂದು ಕಳೆಯುವುದು, ಎರಡೂ ಅಲ್ಲವೆಂದರೆ ಸೊನ್ನೆ. ಒಟ್ಟು ಮೊತ್ತ ಋಣ ನಾಲ್ಕಕ್ಕೆ ಇಳಿದವನು ತಾಣದಿಂದ ಹೊರಗೆ. ಮುಖ್ಯವಾದ ಸಂಗತಿಯೆಂದರೆ, ಆಗ ಕೊಳ್ಳುವವನು ಮಾರುವವನಿಗೂ, ಮಾರುವವನು ಕೊಳ್ಳುವವನಿಗೂ ಅಂಕ ಕೊಡುತ್ತಿದ್ದರು.

ಅರ್ಥಶಾಸ್ತ್ರಜ್ಞರಿಗೆ ಇದು ದೊಡ್ಡ ಕುತೂಹಲದ ವಿಷಯವಾಯಿತು. ಏಕೆಂದರೆ 1970ರಲ್ಲಿಯೇ ಜಾರ್ಜ್ ಅಕರ್ಲಾಫ್ ಎಂಬುವರು ಹಳೆಯ ಕಾರುಗಳ ಸಂತೆಯನ್ನು ಉದಾಹರಣೆಯಾಗಿಟ್ಟುಕೊಂಡು, ಒಳ್ಳೆಯ ಮಾಲು ಯಾವುದು ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಆತ ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೂಗುತ್ತಾನೆ, ಆ ಬೆಲೆಗೆ ಒಳ್ಳೆಯ ಮಾಲಿನವನು ಮಾರಲಾರದೆ ಸಂತೆ ಬಿಟ್ಟು ಹೋಗುತ್ತಾನೆ ಎಂದು ತೋರಿಸಿದ್ದರು. (2001ರ ನೊಬೆಲ್ ಪುರಸ್ಕಾರ ಪಡೆದ ಮೂವರಲ್ಲಿ ಅವರೂ ಒಬ್ಬರು.) ಹಾಗಿದ್ದರೆ ಮುಖವೇ ಕಾಣದ ಈ ಹರಾಜುಕಟ್ಟೆ ಕುಸಿಯದೆ ನಿಂತದ್ದು ಹೇಗೆ? ಆ ಅಂಕಗಳಿಗೆ ನಿಜವಾಗಿ ಎಷ್ಟು ಬೆಲೆ?

ಇದನ್ನು ಅಳೆಯಲು ಪಾಲ್ ರೆಸ್ನಿಕ್, ರಿಚರ್ಡ್ ಝೆಕ್‌ಹೌಸರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ನನಗೆ ಬಹಳ ಹಿಡಿಸಿತು. ಅವರ ತಂಡದಲ್ಲಿಯೇ ಒಬ್ಬರು ಇಬೇಯಲ್ಲಿ ಹಳೆಯ ಅಂಚೆ ಚಿತ್ರಪತ್ರಗಳನ್ನು ಮಾರುವ ವ್ಯಾಪಾರಿ. ವರ್ಷಗಳಿಂದ ಒಳ್ಳೆಯ ಹೆಸರು ಕೂಡಿಸಿಟ್ಟವರು. ಅವರು ಒಂದೇ ಬಗೆಯ ಚಿತ್ರಪತ್ರಗಳನ್ನು ಜೋಡಿಜೋಡಿಯಾಗಿ ತೆಗೆದುಕೊಂಡು, ಒಂದನ್ನು ತಮ್ಮ ಹಳೆಯ ಹೆಸರಿನಲ್ಲಿ, ಇನ್ನೊಂದನ್ನು ಅಂಕವೇ ಇಲ್ಲದ ಹೊಸ ಹೆಸರಿನಲ್ಲಿ ಹರಾಜಿಗಿಟ್ಟರು. ಮಾಲು ಅದೇ, ಮನುಷ್ಯನೂ ಅವನೇ. ಬೇರೆಯದು ಹೆಸರು ಮಾತ್ರ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಳೆಯ ಹೆಸರಿಗೆ ಜನ ಶೇಕಡ 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ನೂರು ರೂಪಾಯಿಯ ವಸ್ತುವಿಗೆ ಎಂಟು ರೂಪಾಯಿ ಹೆಸರಿನ ಬೆಲೆಯೆಂದಾಯಿತು. ಹೊಸಬನ ಹೆಸರಿನ ಮುಂದೆ ಒಂದೆರಡು ಕೆಟ್ಟ ಅಭಿಪ್ರಾಯಗಳಿದ್ದರೂ ಆ ಪ್ರಯೋಗದಲ್ಲಿ ಬೆಲೆ ಮತ್ತಷ್ಟು ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಇದನ್ನು ಓದಿದಾಗ ನನಗೆ ಕೊಂಚ ಸಮಾಧಾನವಾದದ್ದು ನಿಜ.

ಆ ಸಮಾಧಾನ ಮುಂದಿನ ಲೇಖನ ಓದುವವರೆಗೆ ಮಾತ್ರ ಉಳಿಯಿತು. ಲೂಯಿಸ್ ಕಾಬ್ರಾಲ್ ಮತ್ತು ಅಲಿ ಹೊರ್ತಾಚ್ಸು ಎಂಬ ಇಬ್ಬರು ಒಂದೊಂದು ಹರಾಜಿನ ಬೆಲೆಯನ್ನಷ್ಟೇ ನೋಡದೆ, ಇಬೇಯ ಮಾರಾಟಗಾರರ ಇಡೀ ನಡೆಯನ್ನೇ ಹಿಂಬಾಲಿಸಿದರು. ಅವರ ಅಧ್ಯಯನ ಅಚ್ಚಾದದ್ದು 2010ರಲ್ಲಿ. ವಾರದಿಂದ ವಾರಕ್ಕೆ ಶೇಕಡ 5ರಂತೆ ಬೆಳೆಯುತ್ತಿದ್ದ ಮಾರಾಟ, ಮೊದಲ ಕೆಟ್ಟ ಅಭಿಪ್ರಾಯ ಬಿದ್ದೊಡನೆ ಶೇಕಡ 8ರಂತೆ ಕುಗ್ಗತೊಡಗುತ್ತದೆ ಎಂದು ಅವರು ಕಂಡುಕೊಂಡರು. ಎರಡನೆಯದೋ ಮೂರನೆಯದೋ ಬಿದ್ದರೆ ಅಷ್ಟು ಪೆಟ್ಟಿಲ್ಲ. ಆದರೆ ಆ ಮುಂದಿನವು ಮೊದಲನೆಯದಕ್ಕಿಂತ ಶೇಕಡ 25ರಷ್ಟು ಬೇಗ ಬಂದು ಬೀಳುತ್ತವೆ. ಕಾರಣವೇನು? ಮಚ್ಚೆ ಬಿದ್ದ ಮೇಲೆ ಮಾರುವವನಲ್ಲಿ ಮೊದಲಿನ ಶ್ರದ್ಧೆ ಉಳಿಯುವುದಿಲ್ಲ ಎಂಬ ಕಡೆಗೆ ಆ ವಿದ್ವಾಂಸರ ಒಲವು. ಹೆಸರು ಕೆಟ್ಟಷ್ಟೂ ಆತ ವ್ಯಾಪಾರ ಬಿಟ್ಟುಹೋಗುವ ಸಂಭವ ಹೆಚ್ಚು. ಬಿಡುವ ಮುನ್ನಿನ ದಿನಗಳಲ್ಲಿ ದೂರುಗಳೂ ಹೆಚ್ಚು.

ಈ ಸಾಲುಗಳನ್ನು ಓದಿ ಪುಸ್ತಕ ಕೆಳಗಿಟ್ಟವರಂತೆ ಗಣಕದ ಮುಂದಿನಿಂದ ಎದ್ದು ಅಂಗಳಕ್ಕೆ ಹೋದೆ. ಎಂಟನೆಯ ತರಗತಿಯ ಮೊದಲ ಕಿರುಪರೀಕ್ಷೆಯಲ್ಲಿ ಕೆಂಪು ಗೆರೆ ಎಳೆಸಿಕೊಂಡು, ಆಮೇಲೆ ಓದುವುದನ್ನೇ ಬಿಟ್ಟ ಹುಡುಗರು ನನಗೆ ನೆನಪಿದ್ದಾರೆ. ಕೆಲವರು ಈ ಬರಹಗಳನ್ನು ಓದುತ್ತಲೂ ಇರಬಹುದು. ಆಗ ನಾನು ಅದನ್ನು ಅವರ ಸೋಮಾರಿತನವೆಂದೇ ಬಗೆದಿದ್ದೆ.

ಇನ್ನು ಇತಿಹಾಸಕ್ಕೆ ಮರಳುತ್ತೇನೆ. ಇಬ್ಬರೂ ಪರಸ್ಪರ ಅಂಕ ಕೊಡುವ ಪದ್ಧತಿಯಲ್ಲಿ ಒಂದು ಹುಳುಕಿತ್ತು. 1999ರ ವ್ಯವಹಾರಗಳನ್ನು ಪರಿಶೀಲಿಸಿದ ರೆಸ್ನಿಕ್ ಮತ್ತು ಝೆಕ್‌ಹೌಸರ್, ಕೊಳ್ಳುವವರು ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೊಗಳಿಕೆಯೇ ಎಂದು ಕಂಡರು. ಅಷ್ಟೊಂದು ಸಜ್ಜನರು ಒಂದೇ ಸಂತೆಯಲ್ಲಿ ಸೇರುವುದುಂಟೆ? ನೀನು ನನ್ನನ್ನು ದೂರಿದರೆ ನಾನೂ ನಿನ್ನನ್ನು ದೂರುತ್ತೇನೆ ಎಂಬ ಅಂಜಿಕೆಯಿಂದ ಅನೇಕರು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಕೊಳ್ಳುವವನು ಬರೆಯುವತನಕ ಕಾದು, ಆಮೇಲೆ ತಕ್ಕುದನ್ನು ಬರೆಯುವ ಮಾರಾಟಗಾರರೂ ಇದ್ದರು.

ಇದನ್ನು ಸರಿಪಡಿಸಲೆಂದು 2007ರಲ್ಲಿ ಇಬೇ ಐದು ನಕ್ಷತ್ರಗಳ ಇನ್ನೊಂದು ಅಳತೆಯನ್ನು ತಂದಿತು. ವಸ್ತು ಹೇಳಿದಂತಿತ್ತೆ, ಉತ್ತರ ಕೊಟ್ಟರೆ, ಬೇಗ ಕಳುಹಿಸಿದರೆ, ಸಾಗಣೆಗೆ ಮಾಡಿದ ಖರ್ಚು ನ್ಯಾಯವೆ ಎಂಬ ನಾಲ್ಕು ಪ್ರಶ್ನೆ. ಯಾರು ಎಷ್ಟು ಕೊಟ್ಟರೆಂಬುದು ಮಾರಾಟಗಾರನಿಗೆ ತಿಳಿಯುತ್ತಿರಲಿಲ್ಲ. 2008ರ ಮೇ ತಿಂಗಳಿನಿಂದ, ಮಾರುವವನು ಕೊಳ್ಳುವವನ ಬಗ್ಗೆ ಒಳ್ಳೆಯದಲ್ಲದೆ ಬೇರೇನನ್ನೂ ಬರೆಯುವಂತಿಲ್ಲ ಎಂಬ ನಿಯಮವೂ ಬಂತು. ಹಿಂದೆಯೇ, ದೊಡ್ಡ ಮಾರಾಟಗಾರರಿಗಿದ್ದ ವಿಶೇಷ ಮನ್ನಣೆ ಉಳಿಯಬೇಕಾದರೆ ನಾಲ್ಕು ಪ್ರಶ್ನೆಗಳಲ್ಲೂ 4.5ಕ್ಕೆ ಕಡಿಮೆಯಾಗಬಾರದೆಂಬ ಕಟ್ಟಳೆ. ಐದಕ್ಕೆ ನಾಲ್ಕೂವರೆ, ಅಂದರೆ ನೂರಕ್ಕೆ ತೊಂಬತ್ತು! ನನ್ನ ಶಾಲೆಯಲ್ಲಿ ಆ ಕಟ್ಟಳೆ ಇದ್ದಿದ್ದರೆ ತರಗತಿಯಲ್ಲಿ ಇಬ್ಬರೋ ಮೂವರೋ ಉಳಿಯುತ್ತಿದ್ದರು.

ಮಾರಾಟಗಾರರು ಸಿಡಿದೆದ್ದರು. ಈ ಬದಲಾವಣೆಗಳು ಪ್ರಕಟವಾದ ಮರುತಿಂಗಳು, 2008ರ ಫೆಬ್ರವರಿ 18ರಿಂದ ಒಂದು ವಾರ, ಅನೇಕರು ತಮ್ಮ ಸಾಮಾನುಗಳನ್ನು ತಾಣದಿಂದ ಹಿಂತೆಗೆದುಕೊಂಡು ಮುಷ್ಕರ ಹೂಡಿದರು. ಶುಲ್ಕ ಹೆಚ್ಚಳವೂ ಒಂದು ಕಾರಣ. ಆದರೆ ಹಣ ಕೊಡದೆ ಸತಾಯಿಸುವ ಗಿರಾಕಿಯನ್ನು ಅಂಥವನೆಂದು ಹೇಳುವ ಬಾಯಿಯನ್ನೇ ಕಟ್ಟಿದರಲ್ಲ ಎಂಬುದು ಅವರ ದೊಡ್ಡ ನೋವು. ಅಂಚೆ ತಡವಾದರೆ ನಕ್ಷತ್ರ ಕಳೆದುಕೊಳ್ಳುವವರು ತಾವೇ ಎಂಬುದು ಇನ್ನೊಂದು. ನಿಯಮ ಬದಲಾಗಲಿಲ್ಲ. ಆ ಬಳಿಕ ಕೊಳ್ಳುವವರ ತೃಪ್ತಿ ಹೆಚ್ಚಿತೆಂದೂ, ಮಾರಾಟಗಾರರು ಹೆಚ್ಚು ಸಂಖ್ಯೆಯಲ್ಲಿ ಬಿಟ್ಟುಹೋಗಲಿಲ್ಲವೆಂದೂ, ಇದ್ದವರೇ ಇನ್ನಷ್ಟು ಎಚ್ಚರದಿಂದ ನಡೆದುಕೊಂಡರೆಂದೂ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಆದ್ದರಿಂದ ನಿಯಮ ತಪ್ಪೆಂದು ನಾನು ಹೇಳಲಾರೆ. ಆದರೆ ಎದುರುಬದುರು ಕುಳಿತಿದ್ದ ಇಬ್ಬರಲ್ಲಿ ಒಬ್ಬ ಪರೀಕ್ಷಕನಾದ, ಇನ್ನೊಬ್ಬ ಪರೀಕ್ಷಾರ್ಥಿಯಾದ. ಅದೂ ಪಾಠ ಮಾಡಿದ ಅನುಭವವೇ ಇಲ್ಲದ ಪರೀಕ್ಷಕ.

ಇಬೇ 2004ರಲ್ಲಿ ನಮ್ಮ ದೇಶದ 'ಬಾಜೀ ಡಾಟ್ ಕಾಂ' ಅನ್ನು ಕೊಂಡು ಇಲ್ಲಿಗೂ ಬಂತು, 2018ರಲ್ಲಿ ಆ ಅಂಗಡಿ ಮುಚ್ಚಿತು. ನಕ್ಷತ್ರಗಳು ಮಾತ್ರ ಎಲ್ಲ ತಾಣಗಳಲ್ಲೂ ನೆಲೆಯೂರಿವೆ. ಅವುಗಳಿಗೆ ಬೆಲೆಯಿರುವುದರಿಂದಲೇ ಸುಳ್ಳು ನಕ್ಷತ್ರಗಳ ವ್ಯಾಪಾರವೂ ಬೆಳೆದಿದೆ. 2022ರ ನವೆಂಬರಿನಲ್ಲಿ ನಮ್ಮ ಭಾರತೀಯ ಮಾನಕ ಸಂಸ್ಥೆ ಇದಕ್ಕೊಂದು ಮಾನಕವನ್ನು ಹೊರಡಿಸಿತು; ಪಾಲಿಸುವುದು ಅವರವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅದರ ಕಥೆ ಬೇರೆಯೇ ಒಂದು ಲೇಖನವಾದೀತು.

ದೂರದಲ್ಲಿ ಕುಳಿತು ಕೆಟ್ಟ ಹೆಸರಿನ ಭಯ ಹುಟ್ಟಿಸುವುದು ಗಣಕದ ಕಾಲಕ್ಕೆ ಮಾತ್ರ ಸೇರಿದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹದಿನೇಳು ವರ್ಷಗಳಷ್ಟು ಕಾಲ ನೆಲೆಸಿದ್ದ. ಅವನ ಕಾಗದಗಳು ಕೈರೋದ ಒಂದು ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದುಬಂದವು. ಅಮಿತಾವ್ ಘೋಷರ 1992ರ ಪುಸ್ತಕ ಓದಿದವರಿಗೆ ಅವನ ಪರಿಚಯವಿದ್ದೀತು. ಏಡನ್ನಿನ ಅವನ ಪಾಲುದಾರರು ಏಲಕ್ಕಿಗಾಗಿ ಇಲ್ಲಿನವನೊಬ್ಬನಿಗೆ ಮುಂಗಡ ಕೊಟ್ಟಿದ್ದರು. ಪತ್ರಗಳಲ್ಲಿ ಆತನನ್ನು 'ಕಾರ್ದಾರ' ಎಂದು ಕರೆದಿದೆ. ಏಲಕ್ಕಿ ಬರಲಿಲ್ಲ. ಮಾತಿಗೆ ತಪ್ಪಿದವರನ್ನು ನಾವಿಲ್ಲಿ ಏಡನ್ನಿನಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆ, ಹಾಗೆಂದು ಅವನಿಗೆ ಹೇಳಿ ಹೆದರಿಸು ಎಂಬರ್ಥದ ಪತ್ರ ಅಲ್ಲಿಂದ ಬಂತು. ಉಳಿದಿರುವುದೆಲ್ಲ ಹಣ ಕೊಟ್ಟವರ ಕಡೆಯ ಕಾಗದ. ಆ ವರ್ಷ ಮಲೆನಾಡಿನಲ್ಲಿ ಮಳೆ ಹೆಚ್ಚಾಗಿತ್ತೋ, ಏಲಕ್ಕಿಗೆ ರೋಗ ಬಂದಿತ್ತೋ, ಅಥವಾ ಕಾರ್ದಾರ ನಿಜಕ್ಕೂ ಮೋಸಗಾರನೋ, ಅವನ ಮಾತು ನಮಗೆ ಕೇಳಿಸುವುದಿಲ್ಲ.

ನನ್ನ ನಿಘಂಟಿನ ಮಾರಾಟಗಾರರ ಮಾತು ಮಾತ್ರ ನನಗೆ ಕೇಳಿಸಿತ್ತು. ಮೊಮ್ಮಗಳ ಸಹಾಯದಿಂದ ಆ ಮೂರನ್ನು ಐದು ಮಾಡಿದೆ. ಅಂಕ ತಿದ್ದಿದ್ದು ವೃತ್ತಿಜೀವನದಲ್ಲಿ ಬಹುಶಃ ಮೂರು ಸಲವಷ್ಟೇ. ಹೀಗಾಗಿ ಮನಸ್ಸು ಒಪ್ಪಲು ಒಂದು ದಿನ ಹಿಡಿಯಿತು. ಕೆಳಗಿನ ಜಾಗದಲ್ಲಿ "ಪುಟಗಳು ಚೆನ್ನಾಗಿವೆ, ರಟ್ಟಿನ ಒಂದು ಮೂಲೆ ಮುದುಡಿದೆ, ಓದುವುದಕ್ಕೆ ಏನೂ ತೊಂದರೆಯಿಲ್ಲ" ಎಂದು ಬರೆದೆ. ಅವರಿಂದ ಮತ್ತೆ ಸಂದೇಶ ಬಂದಿದೆ. ಮುಂದಿನ ಸಲದಿಂದ ಮೂಲೆಗಳಿಗೆ ದಪ್ಪ ಕಾಗದ ಸುತ್ತಿ ಕಳುಹಿಸುತ್ತಾರಂತೆ.