ಒಟಾವಾದಿಂದ ಲೋಮೆಗೆ: ರಿಯಾಯಿತಿಯ ಚರಿತ್ರೆ



ಬಡ ದೇಶಗಳ ಸರಕಿಗೆ ಶ್ರೀಮಂತ ದೇಶಗಳು ಆಮದು ಸುಂಕದಲ್ಲಿ ರಿಯಾಯಿತಿ ನೀಡುವುದನ್ನು ಔದಾರ್ಯವೆಂದೇ ಹಲವರು ಬಗೆಯುತ್ತಾರೆ. ಅಮೆರಿಕವು 2019ರ ಜೂನ್ 5ರಂದು ಭಾರತಕ್ಕೆ ಇಂಥ ರಿಯಾಯಿತಿಯನ್ನು ನಿಲ್ಲಿಸಿದಾಗ ನಿಮ್ಮಲ್ಲಿ ಕೆಲವರು ಅದರ ಹಿನ್ನೆಲೆಯನ್ನು ಕೇಳಿದ್ದಿರಿ. ಇತಿಹಾಸದ ಮೇಷ್ಟರಾದ ನಾನು 1932ರಿಂದಲೇ ಆರಂಭಿಸಬೇಕಾಗುತ್ತದೆ.

ಮಹಾ ಆರ್ಥಿಕ ಕುಸಿತದ ಆ ವರ್ಷ ಕೆನಡಾದ ಒಟಾವಾದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಆರ್ಥಿಕ ಸಮ್ಮೇಳನ ನಡೆಯಿತು. ಸಾಮ್ರಾಜ್ಯದೊಳಗಿನ ಸರಕಿಗೆ ಕಡಿಮೆ ಸುಂಕ, ಹೊರಗಿನದಕ್ಕೆ ಹೆಚ್ಚು. ಇದೇ ‘ಸಾಮ್ರಾಜ್ಯ ಆದ್ಯತೆ’. ಕೆನಡಾ, ಆಸ್ಟ್ರೇಲಿಯಾಗಳ ಪರವಾಗಿ ಚುನಾಯಿತ ಸರ್ಕಾರಗಳು ಚೌಕಾಸಿ ಮಾಡಿದವು. ಭಾರತದ ನಿಯೋಗವನ್ನು ಆರಿಸಿದ್ದು ಮಾತ್ರ ವೈಸರಾಯರ ಸರ್ಕಾರ. ಸರ್ ಅತುಲ್ ಚಟರ್ಜಿ ಅದರ ನಾಯಕರು. ಜಪಾನ್, ಜರ್ಮನಿಗಳೂ ನಮ್ಮ ಕಚ್ಚಾ ಸರಕಿನ ಗಿರಾಕಿಗಳಾಗಿರುವಾಗ ಬ್ರಿಟನ್ನಿನ ಸರಕಿಗಷ್ಟೇ ದಾರಿ ಬಿಡುವುದೇಕೆಂದು ರಾಷ್ಟ್ರವಾದಿಗಳು ಆಕ್ಷೇಪಿಸಿದರು. 1936ರ ಮಾರ್ಚ್‌ನಲ್ಲಿ ಕೇಂದ್ರ ಶಾಸನಸಭೆಯು ಆ ಒಪ್ಪಂದವನ್ನು ಕೊನೆಗೊಳಿಸಬೇಕೆಂದು ಮತ ನೀಡಿತು. ಆ ತಿದ್ದುಪಡಿಯನ್ನು ಮಂಡಿಸಿದವರು ಜಿನ್ನಾ, ಬೆಂಬಲಿಸಿದವರು ಕಾಂಗ್ರೆಸ್ಸಿಗರು! (ಪರೀಕ್ಷೆಯಲ್ಲಿ ಇಂಥದನ್ನು ಯಾರೂ ಕೇಳುವುದಿಲ್ಲ.) ಆದರೂ 1939ರ ಹೊಸ ಒಪ್ಪಂದದವರೆಗೆ ಆದ್ಯತೆಗಳು ಮುಂದುವರಿದವು.

ಸ್ವಾತಂತ್ರ್ಯಾನಂತರ ಬೇಡಿಕೆಯ ಸ್ವರೂಪವೇ ಬದಲಾಯಿತು. 1964ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವಸಂಸ್ಥೆಯ ವಾಣಿಜ್ಯ ಸಮ್ಮೇಳನದಲ್ಲಿ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ ಬಡ ದೇಶಗಳ ವಾದಕ್ಕೆ ದನಿಯಾದರು. ರಿಯಾಯಿತಿಗೆ ಪ್ರತಿಫಲ ಕೇಳಬಾರದು, ಬಡ ದೇಶಗಳ ನಡುವೆ ಭೇದ ಮಾಡಬಾರದು ಎಂಬ ತತ್ತ್ವವನ್ನು 1968ರಲ್ಲಿ ನವದೆಹಲಿಯ ಸಮ್ಮೇಳನವು ಅಂಗೀಕರಿಸಿತು. 1971ರಿಂದ ಅದು ಜಾರಿಗೆ ಬರತೊಡಗಿತು.

ಆದರೆ ಹಳೆಯ ಸಾಮ್ರಾಜ್ಯಗಳ ಗೆರೆ ಅಳಿಯಲಿಲ್ಲ. ಫ್ರಾನ್ಸ್ ತನ್ನ ವಸಾಹತುಗಳನ್ನು 1957ರ ರೋಮ್ ಒಪ್ಪಂದದಲ್ಲಿಯೇ ಯುರೋಪಿನ ಮಾರುಕಟ್ಟೆಗೆ ಜೋಡಿಸಿತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಕೂಟಕ್ಕೆ ಸೇರಿದಾಗ ಅದರ ಆಫ್ರಿಕ, ಕೆರಿಬಿಯನ್, ಪೆಸಿಫಿಕ್ ವಸಾಹತುಗಳಿಗೂ ಅದೇ ಬಾಗಿಲು ತೆರೆಯಿತು. ಟೋಗೋದ ರಾಜಧಾನಿ ಲೋಮೆಯಲ್ಲಿ 1975ರ ಫೆಬ್ರವರಿ 28ರಂದು ಅಂಥ 46 ದೇಶಗಳು ಸಹಿ ಹಾಕಿದವು. ಭಾರತ, ಪಾಕಿಸ್ತಾನ, ಶ್ರೀಲಂಕಾಗಳು ಹೊರಗುಳಿದವು. ಇವುಗಳಿಗೆ ದೊರೆತದ್ದು ಮಿತಿಗಳಿಂದ ಕೂಡಿದ ಸಾಮಾನ್ಯ ರಿಯಾಯಿತಿ ಮಾತ್ರ. ನಮ್ಮ ಅಗ್ಗದ ಬಟ್ಟೆಯ ಭಯವೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಲೋಮೆಯ ದೇಶಗಳಿಗೆ ಅದರಿಂದ ನಿಜವಾದ ಲಾಭವಾಯಿತೆಂಬುದನ್ನೂ ಹೇಳಬೇಕು. ಸಕ್ಕರೆಯ ವಿಶೇಷ ಒಪ್ಪಂದದಲ್ಲಿ ಅತಿ ದೊಡ್ಡ ಪಾಲು ಮಾರಿಷಸ್‌ನದು. ಭಾರತದಿಂದ ಹೋದ ಕರಾರು ಕೂಲಿಗಳ ಸಂತತಿಯೇ ಬಹುಪಾಲಾಗಿರುವ ಆ ದ್ವೀಪದ ಸಕ್ಕರೆಗೆ 2009ರವರೆಗೆ ಯುರೋಪಿನಲ್ಲಿ ಖಾತರಿ ಬೆಲೆ ದೊರೆಯುತ್ತಿತ್ತು.